ಸೆನ್ಸರ್ ಕ್ಲೀನಿಂಗ್ ರಿವ್ಯೂ: ರಾಕೆಟ್ ಬ್ಲೋವರ್ ಮತ್ತೆ 16 ಎಂಎಂ ಸ್ವಾಬ್ ಕಿಟ್

ಜಿಯೋಟೋಸ್ ರಾಕೆಟ್ ಬ್ಲೋವರ್ (ಕೈಯಲ್ಲಿ ಒತ್ತಿ ಗಾಳಿ ಊದೋ ರಬ್ಬರ್ ಬಲ್ಬ್) ಮತ್ತೆ ಆನ್‌ಲೈನ್‌ನಲ್ಲಿ ಸಿಗೋ 16 ಎಂಎಂ ಸ್ವಾಬ್ ಕಿಟ್ (ತುದಿಗೆ ಬಟ್ಟೆ ಇರೋ ಚಪ್ಪಟೆ ಕಡ್ಡಿಗಳು, ಜೊತೆಗೆ ಕ್ಲೀನಿಂಗ್ ಲಿಕ್ವಿಡ್), ಇವೆರಡನ್ನೂ ನನ್ನ ನಿಕಾನ್ ಡಿ7200 ಕ್ಯಾಮೆರಾಗೆ ಬಳಸ್ತಾ ಬಂದಿದೀನಿ. ಸೆನ್ಸರ್ (ಕ್ಯಾಮೆರಾ ಒಳಗೆ ಚಿತ್ರ ಹಿಡಿಯೋ ಭಾಗ) ಮೇಲೆ ಧೂಳು ಕೂತಿದೆ ಏನ್ ಮಾಡೋದು ಅಂತ ಕೇಳೋರು ತುಂಬಾ ಜನ ಇದಾರೆ, ಅದಕ್ಕೆ ಸ್ವಲ್ಪ ವಿವರವಾಗೇ ಬರೀತೀನಿ. ಎರಡ್ರಲ್ಲಿ ಒಂದೇ ತಗೋತೀನಿ ಅನ್ನೋರು ಕಣ್ಣು ಮುಚ್ಕೊಂಡು ಬ್ಲೋವರ್ ತಗೊಳ್ಳಿ.

ನಮ್ಮ ಕಡೆ ಬೇಸಿಗೇಲಿ ಬಂಡೀಪುರ, ಕಬಿನಿ ಸಫಾರಿಗೆ ಹೋದೋರಿಗೆ ಗೊತ್ತಿರತ್ತೆ, ಮುಂದಿನ ಜೀಪ್ ಎಬ್ಬಿಸೋ ಧೂಳಲ್ಲೇ ಲೆನ್ಸ್ ಬದಲಾಯಿಸ್ಬೇಕಾಗತ್ತೆ, ಅದ್ರ ಜೊತೆ ಉದ್ದ ಆಗೋ ಜೂಮ್ ಲೆನ್ಸ್ ಪ್ರತಿ ಸಲ ಹಿಂದೆ ಮುಂದೆ ಮಾಡಿದಾಗ್ಲೂ ಗಾಳಿ ಎಳ್ಕೊಳ್ಳತ್ತೆ. ವಿಚಿತ್ರ ಅಂದ್ರೆ ಹುಲಿ, ಹಕ್ಕಿ ಫೋಟೋಲಿ ಏನೂ ಕಾಣಲ್ಲ, ಯಾಕಂದ್ರೆ ಅಲ್ಲಿ ಎಲ್ಲಾ ಎಫ್/5.6ರಲ್ಲೇ ತೆಗೆಯೋದು. ಅದೇ ಕ್ಯಾಮೆರಾ ತಗೊಂಡು ಹಂಪಿಯ ಮಾತಂಗ ಬೆಟ್ಟ ಹತ್ತಿ ಎಫ್/16ರಲ್ಲಿ ಸೂರ್ಯೋದಯ ತೆಗೀರಿ, ಆಕಾಶದ ತುಂಬ ಬೂದು ಚುಕ್ಕೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಅಪರ್ಚರ್, ಅಂದ್ರೆ ಲೆನ್ಸೊಳಗೆ ಬೆಳಕು ಬರೋ ಕಿಂಡಿ, ಚಿಕ್ಕದಾಗತ್ತೆ, ಅದು ಚಿಕ್ಕದಾದಷ್ಟೂ ಧೂಳಿನ ನೆರಳು ಶಾರ್ಪ್ ಆಗಿ ಬೀಳತ್ತೆ, ಅಷ್ಟೇ ಕಾರಣ.

ಹಾಗಾಗಿ ಕ್ಲೀನ್ ಮಾಡೋಕೆ ಮುಂಚೆ ಟೆಸ್ಟ್ ಶಾಟ್ ತೆಗೀಲೇಬೇಕು. ಐಎಸ್ಒ 100, ಎಫ್/22, ಫೋಕಸ್ ಬೇಕಂತಲೇ ಕೆಡಿಸಿ, ಲ್ಯಾಪ್‌ಟಾಪಲ್ಲಿ ಖಾಲಿ ಬಿಳಿ ಪೇಜ್ ತೆರೆದು ಅದರ ಹತ್ರ ಹಿಡಿದು ಕ್ಯಾಮೆರಾ ಸ್ವಲ್ಪ ಅಲ್ಲಾಡಿಸ್ತಾ ಒಂದು ಫೋಟೋ. ಆಮೇಲೆ ಅದನ್ನ 100%ಗೆ ಜೂಮ್ ಮಾಡಿ ಮೂಲೆ ಮೂಲೆ ನೋಡಿ. ಇನ್ನೊಂದು ವಿಷ್ಯ, ಲೆನ್ಸು ಚಿತ್ರಾನ ತಲೆಕೆಳಗಾಗಿ ಬೀಳ್ಸತ್ತೆ, ಆದ್ರಿಂದ ಫೋಟೋಲಿ ಮೇಲೆ ಎಡಕ್ಕೆ ಕಂಡ ಚುಕ್ಕೆ ನೀವು ಲೆನ್ಸ್ ತೆಗೆದ ಕ್ಯಾಮೆರಾದ ಬಾಯೊಳಗೆ ಎದುರಿಂದ ನೋಡ್ದಾಗ ಕೆಳಗೆ ಎಡಕ್ಕೆ ಇರತ್ತೆ. ಇದು ಗೊತ್ತಿಲ್ದೆ ಎಷ್ಟೋ ಜನ ಚೆನ್ನಾಗಿರೋ ಜಾಗಾನೇ ಉಜ್ತಾ ಕೂತಿರ್ತಾರೆ.

ಈಗ ಬ್ಲೋವರ್. ಬ್ಯಾಟರಿ ಫುಲ್ ಚಾರ್ಜ್ ಇರ್ಬೇಕು, ಕಮ್ಮಿ ಇದ್ರೆ ಮಿರರ್ (ಸೆನ್ಸರ್ ಮುಂದಿರೋ ಕನ್ನಡಿ) ಮೇಲೆತ್ತಿ ಲಾಕ್ ಮಾಡೋ ಮೆನುನೇ ಸಿಗಲ್ಲ, ಮಧ್ಯದಲ್ಲಿ ಮಿರರ್ ಬಿದ್ರೆ ಕಷ್ಟ. ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ, ಬ್ಲೋವರನ್ನ ಹೊರಗೇ ನಾಲ್ಕೈದು ಸಲ ಒತ್ತಿ ಒಳಗಿನ ಧೂಳು ಹೋಗಲಿ, ಆಮೇಲೆ ಕ್ಯಾಮೆರಾನ ಬಾಯಿ ಕೆಳಗೆ ಮಾಡಿ ಹಿಡಿದು ಊದಿ, ಮೂತಿ ಒಳಗಡೆ ತೂರಿಸ್ಬೇಡಿ. ಈ ರಾಕೆಟ್‌ನಲ್ಲಿ ನಂಗೆ ಇಷ್ಟ ಆಗಿದ್ದು ಏನಂದ್ರೆ ಗಾಳಿ ಹಿಂದಿನ ವಾಲ್ವಿಂದ ಒಳಗೆ ಹೋಗತ್ತೆ, ಊದಿದ ಧೂಳನ್ನೇ ಮತ್ತೆ ಮೂತಿಯಿಂದ ಎಳ್ಕೊಳ್ಳಲ್ಲ. ಕೈ ತುಂಬೋ ಸೈಜು, ಒತ್ತಿದ್ರೆ ಜೋರಾಗೇ ಬರತ್ತೆ, ಮೇಜಿನ ಮೇಲೆ ನೆಟ್ಟಗೆ ನಿಲ್ಲತ್ತೆ. ಸಡಿಲ ಧೂಳಿಗೆ ಬಹುತೇಕ ಸಲ ಇಷ್ಟೇ ಸಾಕಾಗತ್ತೆ. ದಯವಿಟ್ಟು ಬಾಯಲ್ಲಿ ಊದ್ಬೇಡಿ, ಎಂಜಲ ಹನಿ ಬಿದ್ರೆ ಒಂದು ಧೂಳಿನ ಜಾಗದಲ್ಲಿ ಹತ್ತು ಕಲೆ ಆಗತ್ತೆ. ಡಬ್ಬಿಲಿ ಬರೋ ಕಂಪ್ರೆಸ್ಡ್ ಏರ್ ಬೇಡ, ಕಂಪ್ಯೂಟರ್ ರಿಪೇರಿ ಅಂಗಡಿಯ ಬ್ಲೋವರ್ ಮೆಷಿನ್ ಅಂತೂ ಬೇಡವೇ ಬೇಡ.

ಊದಿದ್ರೂ ಹೋಗದೆ ಅಲ್ಲೇ ಅಂಟ್ಕೊಂಡಿರೋ ಚುಕ್ಕೆಗಳಿಗೆ ಸ್ವಾಬ್. ಪರಾಗದ ಕಣ, ಒಣಗಿದ ಹನಿ, ಶಟರ್ ಕಡೆಯಿಂದ ಸಿಡಿಯೋ ಎಣ್ಣೆ ಇಂಥವು ಗಾಳಿಗೆ ಜಗ್ಗಲ್ಲ. 2012ರಲ್ಲಿ ಬಂದ ನಿಕಾನ್ ಡಿ600 ಕ್ಯಾಮೆರಾದ ಫೋಟೋಗಳಲ್ಲಿ ಚುಕ್ಕೆ ಬೀಳ್ತಿದ್ದ ವಿಷ್ಯ ನೆನಪಿರ್ಬೋದು, ಕೊನೆಗೆ 2014ರಲ್ಲಿ ಕಂಪನಿನೇ ಫ್ರೀಯಾಗಿ ಕ್ಲೀನ್ ಮಾಡಿ ಶಟರ್ ಬದಲಿಸಿ ಕೊಡ್ತೀವಿ ಅಂತ ಹೇಳ್ಬೇಕಾಯ್ತು.

ಭಯ ಪಡೋರಿಗೆ ಒಂದು ಮಾತು, ನಾವು ಮುಟ್ಟೋದು ಸೆನ್ಸರ್ ಅಲ್ಲ, ಅದರ ಮುಂದಿರೋ ಫಿಲ್ಟರ್ ಗಾಜು. ಹಾಗಂತ ಗಟ್ಟಿ ಒತ್ತೋಹಾಗಿಲ್ಲ, ಗಾಜಿನ ಮೇಲಿನ ಕೋಟಿಂಗ್ ಗೀರಿದ್ರೆ ಖರ್ಚು ದೊಡ್ಡದು, ಅದಕ್ಕೇ ಮೊದ್ಲು ಊದಿ ಮರಳಿನ ಕಣ ಎಲ್ಲಾ ತೆಗೆದೇ ಸ್ವಾಬ್ ಇಳಿಸ್ಬೇಕು. ಡಿ7200 ಸೆನ್ಸರ್ 23.5×15.6 ಎಂಎಂ, 16 ಎಂಎಂ ಸ್ವಾಬ್ ಮೇಲಿಂದ ಕೆಳಗೆ ಸರಿಯಾಗಿ ಕೂರತ್ತೆ, ಒಂದೇ ಎಳೆತಕ್ಕೆ ಪೂರ್ತಿ ಕವರ್. ಇದಕ್ಕಿಂತ ದೊಡ್ಡ ಸೆನ್ಸರ್ ಇರೋ ಫುಲ್ ಫ್ರೇಮ್‌ನೋರು 24 ಎಂಎಂದೇ ತಗೋಬೇಕು. ಸ್ವಾಬ್‌ನ ಅಂಚಿಗೆ ಎರಡು ಹನಿ ಲಿಕ್ವಿಡ್ ಹಾಕಿ ಬಟ್ಟೆ ಹೀರ್ಕೊಳ್ಳೋವರೆಗೂ ಕಾಯ್ರಿ, ಸ್ವಲ್ಪ ಓರೆಯಾಗಿ ಹಿಡಿದು ಈ ತುದಿಯಿಂದ ಆ ತುದಿಗೆ ನಿಲ್ಲಿಸ್ದೆ ಒಂದೇ ಸಲ ಎಳೀರಿ, ಓರೆ ಬದಲಿಸಿ ಇನ್ನೊಂದು ಮುಖದಿಂದ ವಾಪಸ್ ಬನ್ನಿ, ಆ ಸ್ವಾಬ್ ಬಿಸಾಕಿ. ಒಂದೇ ಸ್ವಾಬ್‌ನಲ್ಲಿ ಇನ್ನೊಂದ್ಸಲ ಎಳೆದ್ರೆ ಎತ್ತಿದ ಕೊಳೆಯನ್ನೇ ಮತ್ತೆ ಬಳಿದಂಗೆ. ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ನೋಡಿ, ಲಿಕ್ವಿಡ್ಡಿನ ತೆಳು ಪೊರೆ ಬಣ್ಣ ಬಣ್ಣವಾಗಿ ಹೊಳೆದು ಎರಡ್ಮೂರು ಸೆಕೆಂಡಲ್ಲಿ ಆರಿ ಮಾಯ ಆದ್ರೆ ಹನಿ ಸರಿಯಾಗಿದೆ ಅಂತ, ಗೆರೆ ಉಳಿದ್ರೆ ಜಾಸ್ತಿ ಹಾಕಿದೀರ ಅಂತ, ಒಣ ಸ್ವಾಬಿಂದ ಅದನ್ನ ಉಜ್ಜೋಕೆ ಹೋಗ್ದೆ ಹೊಸದು ತಗೊಂಡು ಕಮ್ಮಿ ಹನೀಲಿ ಮತ್ತೆ ಎಳೀರಿ.

ಕಿಟ್ ಬಗ್ಗೆ ಬೇಜಾರು ಒಂದೇ, ಬಾಟಲಿ ಮೂತಿ ದಪ್ಪ, ಎರಡು ಹನಿ ಕೇಳಿದ್ರೆ ನಾಲ್ಕು ಬೀಳತ್ತೆ, ಡ್ರಾಪರ್ ಕೊಟ್ಟಿದ್ರೆ ಎಷ್ಟೋ ಚೆನ್ನಾಗಿರೋದು. ಸ್ವಾಬ್ ಮಾತ್ರ ಒಂದೊಂದೂ ಬೇರೆ ಬೇರೆ ಸೀಲ್ ಆಗಿ ಬಂದಿದೆ, ಬಟ್ಟೆಯಿಂದ ಎಳೆ ಬಿಡಲ್ಲ, ಆ ಲೆಕ್ಕದಲ್ಲಿ ಪೂರ್ತಿ ಖುಷಿ. ಸರ್ವಿಸ್ ಸೆಂಟರ್‌ಗೆ ಅಂತ ಬೆಂಗಳೂರಿಗೆ ಹೋಗಿ ಕ್ಯಾಮೆರಾ ಬಿಟ್ಟು ಕಾಯೋ ಊರಿನೋರಿಗಂತೂ ಇದು ದುಡ್ಡು ಸಮಯ ಎರಡೂ ಉಳಿಸತ್ತೆ. ಬ್ಲೋವರ್‌ಗೆ 5ಕ್ಕೆ 5, ಕಿಟ್‌ಗೆ 4.

ಕನ್ನಡಿ ಇಲ್ದಿರೋ ಮಿರರ್‌ಲೆಸ್ ಕ್ಯಾಮೆರಾ ಇದ್ದು ಬಾಡಿಯೊಳಗೇ ಸ್ಟೆಬಿಲೈಸೇಷನ್ (ಕೈ ನಡುಕ ಸರಿಮಾಡೋ ವ್ಯವಸ್ಥೆ) ಇದ್ರೆ ಸೆನ್ಸರ್ ಅಲ್ಲಾಡತ್ತೆ, ಕೈ ಇನ್ನೂ ಹಗುರ ಇರ್ಲಿ, ಮೊದ್ಲು ನಿಮ್ಮ ಕ್ಯಾಮೆರಾ ಮ್ಯಾನುಯಲ್ ನೋಡಿ. ಮಲೆನಾಡು ಕಡೆ ಮಳೆಗಾಲದಲ್ಲಿ ಜೇಡರ ಬಲೆ ಥರ ಎಳೆ ಎಳೆಯಾಗಿ ಏನಾದ್ರೂ ಕಂಡ್ರೆ ಅದು ಫಂಗಸ್ ಇರ್ಬೋದು, ಅದಕ್ಕೆ ಸ್ವಾಬ್ ಹಿಡ್ಕೊಂಡು ಕೂರ್ಬೇಡಿ, ಸೀದಾ ಸರ್ವಿಸ್‌ಗೆ ಕೊಡಿ.