ಬಿತ್ತನೆ ಬೀಜವನ್ನು ಗೊಬ್ಬರದ ಕೋಣೆಯಲ್ಲಿ ಇಡಬೇಡಿ

ರೋಣ ತಾಲ್ಲೂಕಿನ ನಮ್ಮ ಮೂರು ಎಕರೆ ಎರೆ ಹೊಲದಲ್ಲಿ ಈ ಸಲ ಮುಂಗಾರಿ ಹೆಸರುಕಾಳಿನ ಬೆಳೆ ಕೈಗೆ ಬರಲಿಲ್ಲ. ಮಳೆಯನ್ನು ದೂರುವಂತಿಲ್ಲ, ಮೃಗಶಿರಾ ಒಳ್ಳೆಯ ಹದವನ್ನೇ ಕೊಟ್ಟಿತ್ತು. ಕೆಟ್ಟದ್ದು ಬೀಜ. ಅದನ್ನು ಕೆಡಿಸಿದ್ದು ನಾನೇ ದುಡ್ಡು ಕೊಟ್ಟು ತಂದ ಸಾವಯವ ಗೊಬ್ಬರ ಮತ್ತು ಎರಡನ್ನೂ ಒಂದೇ ಕೋಣೆಗೆ ಸೇರಿಸಿದ ನನ್ನ ಬುದ್ಧಿ.

ಹಿಂದಿನ ವರ್ಷದ ಹೆಸರಿನಲ್ಲಿ ದಪ್ಪ ಕಾಳು ಆರಿಸಿ, ನಾಲ್ಕು ದಿನ ಬಿಸಿಲಿಗೆ ಹರವಿ, ಹಲ್ಲಿನಲ್ಲಿ ಕಚ್ಚಿದರೆ ಕಟ್ಟೆನ್ನುವಷ್ಟು ಒಣಗಿಸಿ, ಇಪ್ಪತ್ತು ಕಿಲೋ ಬೀಜವನ್ನು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೆ. ಯುಗಾದಿ ಕಳೆದ ಮೇಲೆ ವ್ಯಾಪಾರಿಯೊಬ್ಬರಿಂದ ನಲವತ್ತು ಚೀಲ ಎರೆಹುಳು ಗೊಬ್ಬರ ತಂದು ಅದೇ ಕೋಣೆಯಲ್ಲಿ ಒಟ್ಟಿದೆ. ನೆಲದ ಮೇಲಿದ್ದ ಬೀಜಕ್ಕೆ ಇಲಿಯ ಕಾಟವಿದ್ದುದರಿಂದ ಆ ಚೀಲವನ್ನು ಎತ್ತಿ ಗೊಬ್ಬರದ ಒಟ್ಟಿಲಿನ ನೆತ್ತಿಯ ಮೇಲಿಟ್ಟೆ. ಇಲಿ ಹತ್ತಲಿಲ್ಲ, ಅಷ್ಟರ ಮಟ್ಟಿಗೆ ಉಪಾಯ ಫಲಿಸಿತು.

1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ಎರೆಹುಳು ಗೊಬ್ಬರದಲ್ಲಿ ಶೇಕಡಾ 15ರಿಂದ 25ರಷ್ಟು ತೇವ ಇರಬಹುದು. ಸಾಮಾನ್ಯ ಚೀಲದಲ್ಲಿ ಇಡುವ ಹೆಸರಿನ ಬಿತ್ತನೆ ಬೀಜದ ತೇವವಾದರೋ ಶೇಕಡಾ 9ನ್ನು ಮೀರುವಂತಿಲ್ಲ. ಗೋಣಿಗೆ ತೇವವನ್ನು ತಡೆಯುವ ಶಕ್ತಿಯಿಲ್ಲ, ಒಣಗಿದ ಕಾಳಿಗೆ ಅದನ್ನು ಹೀರದೆ ಇರಲಾಗದು. ಅದರ ಮೇಲೆ, ನಾನು ತಂದದ್ದು ಮಾಗಿದ ಗೊಬ್ಬರವೂ ಆಗಿರಲಿಲ್ಲ: ಹಿಡಿಯಲ್ಲಿ ಹಿಂಡಿದರೆ ನೀರು ಜಿನುಗುತ್ತಿತ್ತು, ಗಂಜಲದ ಘಾಟು ಹೋಗಿರಲಿಲ್ಲ, ಚೀಲದೊಳಗೆ ಕೈ ತೂರಿಸಿದರೆ ಬೆಚ್ಚಗಿತ್ತು. ಮಾಗಿದ ಗೊಬ್ಬರ ಮೊದಲ ಮಳೆಯ ಮಣ್ಣಿನಂತೆ ಘಮಿಸುತ್ತದೆಂದು ಗೊತ್ತಿದ್ದೂ, ದರ ಅಗ್ಗವೆಂದು ಮೂಗಿನ ಮಾತು ಕೇಳಲಿಲ್ಲ. ಅರ್ಧ ಕೊಳೆತ ಸಗಣಿ ಶಾಖವನ್ನೂ ಆವಿಯನ್ನೂ ಬಿಡುತ್ತಲೇ ಇರುತ್ತದೆ. ಇವೆರಡೂ ಕೂಡಿದಲ್ಲಿ ಬೀಜ ವೇಗವಾಗಿ ಉಸಿರಾಡಿ, ಮೊಳಕೆಗೆಂದು ಕೂಡಿಟ್ಟ ಕಸುವನ್ನು ತಾನೇ ಸುಟ್ಟುಕೊಳ್ಳುತ್ತದೆ. ಹೊಲದಲ್ಲಿ ಕಾಯಿಯ ಮೇಲೆಯೇ ಮೊಟ್ಟೆಯಿಟ್ಟು ಕಾಳಿನೊಡನೆ ಮನೆಗೆ ಬರುವ ದುಂಬಿಗೂ ಆ ಹವೆಯೇ ಹಿತ. ಚೀಲ ಬಿಚ್ಚಿದಾಗ ಕೆಲವು ಕಾಳುಗಳ ಮೇಲೆ ಸುಣ್ಣದ ಚುಕ್ಕೆಯಂಥ ಮೊಟ್ಟೆಗಳೂ ಕೆಲವದರಲ್ಲಿ ತೂತುಗಳೂ ಇದ್ದವು. ಕೇರಿ ಹಸನು ಮಾಡಿ ಬಿತ್ತಿಬಿಟ್ಟೆ.

ಆರನೆಯ ದಿನ ನೋಡಿದರೆ ಸಾಲಿನಲ್ಲಿ ಗೇಣಿಗೊಂದು, ಮೊಳಕ್ಕೊಂದು ಸಸಿ. ಮನೆಯಲ್ಲಿ ಉಳಿದಿದ್ದ ಬೀಜದಲ್ಲಿ ನೂರು ಕಾಳು ಎಣಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟೆ, ಮೊಳೆತದ್ದು ನಲವತ್ತೊಂದು. ಪ್ರಮಾಣಿತ ಹೆಸರಿನ ಬೀಜಕ್ಕೆ ಕನಿಷ್ಠ ಶೇಕಡಾ 75 ಬೇಕು. ಬಿತ್ತುವ ಎರಡು ವಾರ ಮೊದಲು ಈ ಕೆಲಸ ಮಾಡಿದ್ದರೆ ಬೇರೆ ಬೀಜ ಹುಡುಕಲು ಸಮಯ ಸಿಗುತ್ತಿತ್ತು. ಹೊಸ ಬೀಜ ತಂದು ಹರಗಿ ಮತ್ತೆ ಬಿತ್ತುವಷ್ಟರಲ್ಲಿ ಹದ ಆರಿಹೋಗಿತ್ತು.

ಈಗ ಬೀಜ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಗೋಡೆಯಿಂದ ದೂರ, ಹಲಗೆಯ ಮೇಲೆ, ಬಾಯಿ ಬಿಗಿದ ತಗಡಿನ ಡಬ್ಬಿಯಲ್ಲಿದೆ. ಖಾಲಿ ಜಾಗ ಉಳಿಯದಂತೆ ಕಂಠಮಟ್ಟ ತುಂಬಿದ್ದೇನೆ. ಒಣಗಿದ ಬೇವಿನ ಎಲೆಯನ್ನೂ ಹಾಕಿದ್ದೇನೆ, ಆದರೆ ಬೀಜ ಹಸಿಯಿದ್ದರೆ ಬೇವು ಏನನ್ನೂ ಉಳಿಸದು. ಹಿರಿಯರು ಜೋಳ ಕೂಡಿಡಲು ನೆಲದೊಳಗೆ ಹಗೇವು ತೋಡುವಾಗ ನೀರು ನಿಲ್ಲದ ಎತ್ತರದ ಜಾಗವನ್ನೇ ಹುಡುಕುತ್ತಿದ್ದುದು ಸುಮ್ಮನೆ ಅಲ್ಲ.

ಉಳಿದ ಹನ್ನೆರಡು ಚೀಲ ಗೊಬ್ಬರವನ್ನು ಹೊಲಕ್ಕೆ ಹಾಕಲು ಧೈರ್ಯ ಬರದೆ ಬೇವಿನ ಮರದ ನೆರಳಿನಲ್ಲಿ ಸುರಿದೆ. ಒಂದು ಮಳೆ ಬಿದ್ದ ಮೇಲೆ ಆ ಗುಡ್ಡೆಯ ತುಂಬ ಕಾಂಗ್ರೆಸ್ ಕಸ ಹುಟ್ಟಿದೆ, ನನ್ನ ಹೆಸರಿಗಿಂತ ಒತ್ತಾಗಿ.