ಜೋಡಿ ಮನೆ ಕಟ್ಟುವವರೇ, ಮಗುಚಿ ಹಾಕಿದ ಪ್ಲಾನಿಗೆ ಒಪ್ಪಬೇಡಿ

ನಡುವೆ ಒಂದೇ ಗೋಡೆ ಇಟ್ಟು ಎರಡು ಮನೆ ಕಟ್ಟುವ ಯೋಚನೆ ಇದ್ದರೆ, ಪ್ಲಾನಿಗೆ ಸಹಿ ಹಾಕುವ ಮೊದಲು ಇದನ್ನು ಓದಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಪಾಲಾದ ಜಾಗದಲ್ಲಿ ನಾನೂ ಅಣ್ಣನೂ ಹಾಗೆಯೇ ಕಟ್ಟಿಸಿದ್ದೇವೆ. ಒಂದು ಗೋಡೆಯ ಕಲ್ಲು ಉಳಿಯುತ್ತದೆ, ಅಂಗಳ ದೊಡ್ಡದಾಗುತ್ತದೆ, ಅಮ್ಮ ಎರಡೂ ಮನೆಯಲ್ಲಿ ಓಡಾಡಿಕೊಂಡು ಇರಬಹುದು. ಆ ಯೋಚನೆ ಈಗಲೂ ಒಳ್ಳೆಯದೇ. ನಮ್ಮನ್ನು ಕೆಡಿಸಿದ್ದು ಪ್ಲಾನ್.

ಅದನ್ನು ಬರೆದುಕೊಟ್ಟವರು ಕೂತು ಯೋಚಿಸಿದ್ದು ಅಣ್ಣನ ಮನೆಯನ್ನು ಮಾತ್ರ. ನಮ್ಮದಕ್ಕೆ, "ಇದನ್ನೇ ಮಗುಚಿ ಹಾಕಿದರೆ ಆಯ್ತು ಸಾರ್, ಎದುರಿನಿಂದ ನೋಡುವಾಗಲೂ ಚಂದ" ಎಂದರು. ಅಂದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಕಾಗದದಲ್ಲಿ ಚಂದವೇ ಇತ್ತು. ಆದರೆ ಮಳೆ ಬರುವ ದಿಕ್ಕು ಎರಡೂ ಮನೆಗೆ ಒಂದೇ ಅಲ್ವಾ?

ರಸ್ತೆ ಇರುವುದು ಉತ್ತರಕ್ಕೆ. ಅಣ್ಣನದ್ದು ಪೂರ್ವದ ಭಾಗ, ನಮ್ಮದು ಪಶ್ಚಿಮದ್ದು. ಅಣ್ಣನ ಅಡುಗೆಕೋಣೆ ಮತ್ತು ಅದಕ್ಕೆ ತಾಗಿದ, ಸೌದೆ ಒಲೆ ಇರುವ ವರ್ಕ್ ಏರಿಯಾ ಅಗ್ನಿಮೂಲೆಯಲ್ಲಿ, ಅಂದರೆ ಆಗ್ನೇಯದಲ್ಲಿವೆ. ಮಗುಚಿದಾಗ ನಮ್ಮದು ಕನ್ನಿಮೂಲೆಗೆ, ಅಂದರೆ ನೈಋತ್ಯಕ್ಕೆ ಬಂತು. ಅಮ್ಮನಿಗೆ ವಾಸ್ತು ಕೆಟ್ಟಿತು ಎಂದು ಬೇಸರ. ನನಗೆ ವಾಸ್ತುವಿನ ಮೇಲೆ ಅಷ್ಟು ನಂಬಿಕೆ ಇಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಗಾಳಿ ಸಮೇತ ಪಶ್ಚಿಮ ಮತ್ತು ನೈಋತ್ಯದಿಂದ. ಅಣ್ಣನ ಕಡೆ ಇದ್ದ ಹಾಗೆಯೇ ನಮ್ಮ ವರ್ಕ್ ಏರಿಯಾಕ್ಕೂ ಬರೀ ಗ್ರಿಲ್, ಮೇಲೆ ಗಿಡ್ಡ ಸನ್‌ಶೇಡ್. ಆಟಿ ತಿಂಗಳ ಜೋರು ಮಳೆಯಲ್ಲಿ ಎರಚಲು ನೇರ ಒಲೆಯ ಬುಡಕ್ಕೇ ಬರುತ್ತದೆ. ಸೌದೆ ಒದ್ದೆ, ನೆಲ ಜಾರುತ್ತದೆ. ಅಡುಗೆಕೋಣೆಯ ಬಾಗಿಲು ನೀರು ಕುಡಿದು ಉಬ್ಬಿ, ಭುಜ ಕೊಟ್ಟು ನೂಕಿದರೆ ಮಾತ್ರ ತೆರೆಯುತ್ತದೆ.

ಇದಕ್ಕಿಂತ ಜಾಸ್ತಿ ತೊಂದರೆ ಕೊಟ್ಟದ್ದು ನಡುಗೋಡೆ. ಆ ಕಡೆ ಕಿಟಕಿ ಇಡುವ ಹಾಗಿಲ್ಲ. ಹಾಗಿದ್ದೂ ಎರಡೂ ಮನೆಯ ಬಾತ್‌ರೂಮನ್ನು ಅದಕ್ಕೇ ತಾಗಿಸಿ, ಮನೆಯ ನಟ್ಟನಡುವೆ ಇಟ್ಟಿದ್ದಾರೆ. ಗಾಳಿ ಹೋಗಲು ಹೊರಗೋಡೆಯೇ ಇಲ್ಲ. ಪ್ಲಾನಿನಲ್ಲಿ ಎಕ್ಸಾಸ್ಟ್ ಫ್ಯಾನ್ ಎಂದು ಬರೆದಿತ್ತು. ಆ ಫ್ಯಾನ್ ಗಾಳಿ ತಳ್ಳುವುದು ಎಲ್ಲಿಗೆ ಗೊತ್ತಾ? ಊಟದ ಕೋಣೆಗೆ! ಮಳೆಗಾಲವಿಡೀ ಗೋಡೆಯಲ್ಲಿ ಬೂಸ್ಟು, ಮೈ ಒರೆಸುವ ಬೈರಾಸು ಒಣಗುವುದೇ ಇಲ್ಲ. ಸಾಲದ್ದಕ್ಕೆ ಎರಡು ಕಡೆಯಿಂದಲೂ ಅದೇ ಗೋಡೆಯನ್ನು ಕೊರೆದು ಪೈಪ್ ಹಾಕಿದ್ದಾರೆ. ಈಗ ಗೋಡೆ ಒಸರುತ್ತಿದೆ. ಯಾರ ಪೈಪಿನದ್ದು ಎಂದು ತಿಳಿಯಬೇಕಾದರೆ ಎರಡೂ ಮನೆಯ ಟೈಲ್ಸ್ ಒಡೆಯಬೇಕು. ನಾವು ಅಣ್ಣ-ತಮ್ಮ, ಮಾತಾಡಿಕೊಳ್ಳುತ್ತೇವೆ. ನಾಳೆ ಒಂದು ಭಾಗ ಬೇರೆಯವರ ಕೈಗೆ ಹೋದರೆ?

ಕೋಣೆಯ ಅಳತೆಯೂ ಹಾಗೆಯೇ. ಪ್ಲಾನಿನಲ್ಲಿ 10 ಅಡಿಗೆ 10 ಅಡಿ ಎಂದಿತ್ತು. ಟೇಪ್ ಹಿಡಿದರೆ ಒಳಗೆ ಸಿಕ್ಕಿದ್ದು 9 ಅಡಿ 2 ಇಂಚು. ಅವರು ಗೋಡೆಯ ನಡುವಿನಿಂದ ನಡುವಿಗೆ ಅಳತೆ ಹಾಕಿದ್ದರು, ಅದನ್ನು ಹೇಳಲೇ ಇಲ್ಲ. ನಮ್ಮ ಕೆಂಪುಕಲ್ಲಿನ ಗೋಡೆ ಗಾರೆ ಸೇರಿ ಹತ್ತಿರ ಹತ್ತಿರ 10 ಇಂಚು. ಅಷ್ಟೂ ಕೋಣೆಯಿಂದಲೇ ಹೋಯ್ತು. 6 ಅಡಿ ಅಗಲದ ಮಂಚ ಹಾಕಿ, ಎದುರಿಗೆ 2 ಅಡಿಯ ಕಪಾಟು ಇಟ್ಟರೆ ನಡುವೆ ಉಳಿಯುವುದು 14 ಇಂಚು. ಕಪಾಟಿನ ಬಾಗಿಲು ಮಂಚಕ್ಕೆ ತಾಗಿ ಅರ್ಧಕ್ಕೇ ನಿಲ್ಲುತ್ತದೆ. ಅಮ್ಮ ರಾತ್ರಿ ಎದ್ದರೆ ಗೋಡೆ ಹಿಡಿದುಕೊಂಡು ಓರೆಯಾಗಿ ಬರಬೇಕು. ಅದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ಸೆಪ್ಟಿಕ್ ಟ್ಯಾಂಕಿನದ್ದು ಪುಣ್ಯಕ್ಕೆ ಕಾಗದದಲ್ಲೇ ಗೊತ್ತಾಯಿತು. ಕೇರಳದ ಕಟ್ಟಡ ನಿಯಮದ ಪ್ರಕಾರ ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ಒಳಗೆ ಟ್ಯಾಂಕ್ ಅಥವಾ ಇಂಗುಗುಂಡಿ ಇರಬಾರದು. ನಮ್ಮ ಟ್ಯಾಂಕ್ ನಮ್ಮ ಬಾವಿಗೆ ದೂರವೇ ಇತ್ತು. ಅಣ್ಣನ ಟ್ಯಾಂಕ್ ನಮ್ಮ ಬಾವಿಗೆ ಹತ್ತಿರ. ಜಾಗ ಬೇರೆ ಎಂದು ಪ್ಲಾನ್ ಬರೆದವರು ಅದನ್ನು ಅಳೆದೇ ಇರಲಿಲ್ಲ. ಪಂಚಾಯತಿನಲ್ಲಿ ತಡೆದ ಮೇಲೆ ಅಣ್ಣನ ಟ್ಯಾಂಕನ್ನು ಮನೆಯ ಮುಂದಕ್ಕೆ ತರಬೇಕಾಯಿತು. ಹಾಗಾಗಿ ಪಕ್ಕದ ಮನೆಯ ಬಾವಿಗೂ ಅಳತೆ ಹಿಡಿಸಿ.

ಎರಡೂ ಮನೆಗೆ ಬೇರೆ ಬೇರೆಯಾಗಿಯೇ ಪ್ಲಾನ್ ಬರೆಸಿ. ಫೀಸ್ ಸ್ವಲ್ಪ ಜಾಸ್ತಿ ಕೇಳಿದರೂ ಕೊಡಿ. ಹೊರಗಿನ ಮುಖ ಒಂದೇ ತರ ಇರಲಿ, ಒಳಗೆ ಬೇಡ. ಪಶ್ಚಿಮದ ಮನೆಗೆ ಆ ಬದಿಯಲ್ಲಿ ಅಗಲದ ಸನ್‌ಶೇಡ್ ಕೇಳಿ. ಕಪಾಟು, ಸ್ಟೋರ್, ಮೆಟ್ಟಿಲು ನಡುಗೋಡೆಯ ಕಡೆ ಇರಲಿ, ಬಾತ್‌ರೂಮ್ ಹೊರಗೋಡೆಗೆ ಬರಲಿ. ಬೇರೆ ದಾರಿಯೇ ಇಲ್ಲದಿದ್ದರೆ ಗಾಳಿ ಹೋಗಲು ಆಕಾಶಕ್ಕೆ ತೆರೆದ ಕಿರಿದಾದ ಖಾಲಿ ಜಾಗ (ಡಕ್ಟ್) ಬಿಡಿಸಿ. ಅಳತೆಯೆಲ್ಲ ಒಳಅಳತೆಯಲ್ಲೇ ಬರೆಯಲು ಹೇಳಿ. ಅಡಿಪಾಯ ತೆಗೆಯುವ ಮೊದಲು ಜಾಗದಲ್ಲಿ ಸುಣ್ಣದ ಗೆರೆ ಎಳೆದು, ಮಂಚ ಕಪಾಟು ಎಲ್ಲ ಗುರುತು ಮಾಡಿ, ಮನೆಯ ಹಿರಿಯರನ್ನು ಅದರೊಳಗೆ ನಡೆಸಿ ನೋಡಿ.

ನಡುಗೋಡೆಯನ್ನು ಯಾರು ಎಲ್ಲಿ ಕೊರೆಯಬಹುದು, ಒಸರಿದರೆ ರಿಪೇರಿ ಖರ್ಚು ಯಾರದ್ದು ಎಂಬುದನ್ನು ಕಾಗದದಲ್ಲಿ ಬರೆದಿಡಿ. ಅಣ್ಣ-ತಮ್ಮ ಎಂದು ಸಂಕೋಚ ಬೇಡ. ನಾವಿಬ್ಬರೂ ಈಗ ಅದನ್ನು ಬರೆಸುತ್ತಿದ್ದೇವೆ.