ಎಕ್ಸ್‌ಟೆಂಡರ್, ಪವರ್‌ಲೈನ್, ಮೆಶ್, ಕೇಬಲ್: ನಮ್ಮ ಡೊಂಬಿವಲಿ ಮನೇಲಿ ನಾಲ್ಕೂ ಹಾಕಿ ನೋಡಿದ್ದು

ನಮ್ಮದು ಮುಂಬೈ ಹತ್ರದ ಡೊಂಬಿವಲಿ ಪೂರ್ವದಲ್ಲಿ ಹಳೇ ಬಿಲ್ಡಿಂಗು, ಎರಡು ಬೆಡ್‌ರೂಮು, ಮನೆ ರೈಲು ಬೋಗಿ ತರ ಉದ್ದಕ್ಕಿದೆ. ಫೈಬರ್ ಒಳಗೆ ಬರೋದು ಹಾಲ್‌ನ ಬಾಲ್ಕನಿ ಕಡೆಯಿಂದ, ರೌಟರ್ ಅಲ್ಲೇ ಟಿವಿ ಪಕ್ಕ, ನಾನು ಕೂತು ಕೆಲಸ ಮಾಡೋದು ತೀರಾ ಹಿಂದಿನ ರೂಮಲ್ಲಿ. ಮಧ್ಯೆ ಅಡುಗೆಮನೆ, ಬಾತ್‌ರೂಮು, ಒಂದು ದಪ್ಪ ಪಿಲ್ಲರ್ರು. ಪ್ಲಾನ್ 200 ಎಂಬಿಪಿಎಸ್‌ದು, ಹಾಲ್‌ನಲ್ಲಿ ಫೋನಿಗೆ 190 ಬರುತ್ತೆ, ಹಿಂದಿನ ರೂಮಿಗೆ ಹೋದ್ರೆ 8, ಸಂಜೆ ಹೊತ್ತು 3. ಊರಿಂದ ಅಮ್ಮ ವಿಡಿಯೋ ಕಾಲ್ ಮಾಡಿದ್ರೆ "ಏನೋ, ಮುಖ ಅಲ್ಲೇ ನಿಂತೋಯ್ತಲ್ಲೋ" ಅಂತ ದಿನಾ ಕೇಳಿ ಕೇಳಿ ಸಾಕಾಗಿತ್ತು. ಮೂರನೇ ಮಹಡಿ ಶೆಟ್ರ ಮನೇಲೂ ಇದೇ ಪಾಡಂತೆ, "ಭಟ್ರೇ, ಯಾವುದು ತಗೊಳ್ಳೋದು ಒಂದ್ಸಲ ಬರೆದು ಕೊಡಿ" ಅಂದ್ರು, ಅದಕ್ಕೇ ಇಷ್ಟು ವಿವರವಾಗಿ ಬರೀತಿದೀನಿ.

ದುಡ್ಡು ಹಾಕೋಕೆ ಮುಂಚೆ ಒಂದು ಕೆಲಸ ಮಾಡಿ, ಪುಕ್ಕಟೆ. ಫೋನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿ ನಿಮ್ಮ ಸುತ್ತ ಎಷ್ಟು ನೆಟ್‌ವರ್ಕ್ ಇದೆ ನೋಡಿ. ನಮಗೆ 2.4 ಗಿಗಾಹರ್ಟ್ಸ್ ಬ್ಯಾಂಡಲ್ಲಿ (ವೈಫೈ ಓಡಾಡೋ ಒಂದು ರೇಡಿಯೋ ದಾರಿ) ಅಕ್ಕಪಕ್ಕದವರದ್ದೇ 23 ಕಾಣಿಸ್ತು, ನಮ್ಮ ರೌಟರ್ ಆಟೋದಲ್ಲಿ ಚಾನೆಲ್ 3ಕ್ಕೆ ಹೋಗಿ ಕೂತಿತ್ತು. ಚಾನೆಲ್ ಅಂದ್ರೆ ಆ ದಾರಿಯ ಒಂದೊಂದು ಲೇನು, ಆ ಬ್ಯಾಂಡಲ್ಲಿ ಒಂದರ ಮೇಲೊಂದು ಬೀಳದೆ ಇರೋದು 1, 6, 11 ಮೂರೇ. 3ರಲ್ಲಿ ಕೂತ್ರೆ 1ರವರ ಗಲಾಟೆನೂ ನಮಗೇ, 6ರವರದ್ದೂ ನಮಗೇ. 11ಕ್ಕೆ ಬದಲಾಯಿಸಿದ್ಮೇಲೆ 8 ಇದ್ದದ್ದು 15 ಆಯ್ತು. ಇನ್ನೊಂದು ಬ್ಯಾಂಡ್ 5 ಗಿಗಾಹರ್ಟ್ಸ್, ಅದರ ವೇಗ ಜಾಸ್ತಿ ನಿಜ, ಆದ್ರೆ ಗೋಡೆ ದಾಟೋ ಶಕ್ತಿ ಕಮ್ಮಿ, ಪಿಲ್ಲರ್ ಒಳಗಿನ ಕಬ್ಬಿಣ ಮತ್ತೆ ಬಾತ್‌ರೂಮು ದಾಟಿ ಹಿಂದಿನ ರೂಮಿಗೆ ಅದು ಬರಲೇ ಇಲ್ಲ.

ಮೊದಲು ತಂದಿದ್ದು ಎಕ್ಸ್‌ಟೆಂಡರ್ (ರೌಟರಿನ ವೈಫೈ ಹಿಡಿದು ಮುಂದೆ ಕಳಿಸೋ ಡಬ್ಬಿ), ಯಾಕಂದ್ರೆ ಅಗ್ಗ. ಎಲ್ಲರೂ ಮಾಡೋ ತಪ್ಪು ನಾನೂ ಮಾಡ್ದೆ, ಸಿಗ್ನಲ್ ಸಿಗದ ರೂಮಲ್ಲೇ ಅದನ್ನ ಚುಚ್ಚಿದೆ, ಅದಕ್ಕೇ ಸಿಗ್ನಲ್ ಇಲ್ಲ ಅಂದ್ಮೇಲೆ ಅದು ಏನನ್ನ ಮುಂದೆ ಕಳಿಸುತ್ತೆ? ಪ್ಯಾಸೇಜಿಗೆ ತಂದಿಟ್ಟ ಮೇಲೆ 40 ಬಂತು. ಆದ್ರೆ ಒಂದೇ ರೇಡಿಯೋದಲ್ಲಿ ಕೇಳಿಸ್ಕೊಂಡು ಅದರಲ್ಲೇ ತಿರುಗಿ ಹೇಳ್ಬೇಕು, ಹಾಗಾಗಿ ವೇಗ ಅಲ್ಲೇ ಅರ್ಧ ಹೋಗುತ್ತೆ. ಅದಕ್ಕಿಂತ ಬೇಜಾರು ಪಿಂಗ್, ಅಂದ್ರೆ ಸಿಗ್ನಲ್ ಹೋಗಿ ಉತ್ತರ ಬರೋಕೆ ಹಿಡಿಯೋ ಸಮಯ, ರೌಟರಿಗೆ 4 ಮಿಲಿಸೆಕೆಂಡ್ ಇದ್ದದ್ದು 60, 90 ಅಂತ ಏರಿಳಿತ. ಸಿನಿಮಾ ನೋಡೋರಿಗೆ ಪರವಾಗಿಲ್ಲ, ಮೀಟಿಂಗ್ ಇರೋರಿಗೆ ಬೇಡ.

ಪವರ್‌ಲೈನ್ ಅಡಾಪ್ಟರ್ ಆಫೀಸಿನ ಗೆಳೆಯನ ಹತ್ರ ಸುಮ್ನೆ ಬಿದ್ದಿತ್ತು, ಇಸ್ಕೊಂಡು ಬಂದೆ. ಕರೆಂಟಿನ ವೈರಲ್ಲೇ ನೆಟ್ ಸಾಗಿಸುತ್ತೆ, ಗೋಡೆ ಕೊರೆಯೋ ಕೆಲಸ ಇಲ್ಲ. ಗೋಡೆ ಸಾಕೆಟ್ಟಿಗೆ ನೇರವಾಗಿ ಚುಚ್ಚಿದಾಗ 70 ಬಂತು, ಅದೇ ಸ್ಪೈಕ್ ಗಾರ್ಡ್ ಬೋರ್ಡಿಗೆ ಹಾಕಿದ್ರೆ 12, ಏಕೆಂದ್ರೆ ಅದರೊಳಗಿನ ಫಿಲ್ಟರ್ ಈ ಸಿಗ್ನಲ್ಲನ್ನೂ ಕಸ ಅಂದ್ಕೊಂಡು ತಡೆಯುತ್ತೆ. ಮಿಕ್ಸಿ ಹಾಕಿದ್ರೆ ಮತ್ತೆ ಬೀಳ್ತಿತ್ತು. ನಮ್ಮವಳು ಚಟ್ನಿ ರುಬ್ಬೋ ಮುಂಚೆ "ರೀ, ಕಾಲ್ ಮುಗೀತಾ, ಮಿಕ್ಸಿ ಹಾಕ್ಲಾ?" ಅಂತ ಬಂದು ಕೇಳೋ ಹಾಗಾಯ್ತು, ಅಡುಗೆಮನೇಲಿ ಕೆಲಸ ಮಾಡೋರಿಗೆ ಇಂಥ ಕಷ್ಟ ಕೊಡೋದು ನನಗೆ ಸರಿ ಕಾಣಲಿಲ್ಲ, ನಾಲ್ಕನೇ ದಿನಕ್ಕೆ ವಾಪಸ್ ಕೊಟ್ಟೆ.

ಮೆಶ್, ಅಂದ್ರೆ ಹಲವು ಡಬ್ಬಿ ಸೇರಿ ಮನೆಯೆಲ್ಲ ಒಂದೇ ವೈಫೈ ಹರಡೋದು, ಚೆನ್ನಾಗಿದೆ, ಅದನ್ನ ಒಪ್ಪಲೇಬೇಕು. ತಂಗಿ ಮನೆಯಿಂದ ಎರಡು ಡಬ್ಬಿ ಸೆಟ್ಟು ಹದಿನೈದು ದಿನಕ್ಕೆ ತಂದಿದ್ದೆ, ಒಂದು ಹಾಲ್, ಇನ್ನೊಂದು ಪ್ಯಾಸೇಜ್, ಹಿಂದಿನ ರೂಮಲ್ಲಿ 110 ಬಂತು, ಒಂದೇ ಹೆಸರು ಒಂದೇ ಪಾಸ್‌ವರ್ಡ್. ಸಮಸ್ಯೆ ಆಗಿದ್ದು ಪ್ರಿಂಟರಿಂದು. ಅದು ಹಳೇ ರೌಟರ್ ಹಿಂದೆ, ಲ್ಯಾಪ್‌ಟಾಪ್ ಮೆಶ್ ಹಿಂದೆ, ಎರಡೂ ಬೇರೆ ಬೇರೆ ನೆಟ್‌ವರ್ಕ್ ಆಗಿ ಒಂದಕ್ಕೊಂದು ಕಾಣ್ತಿರಲಿಲ್ಲ. ಮೆಶ್‌ನ ಆ್ಯಪಲ್ಲಿ ರೌಟರ್ ಮೋಡಿಂದ ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ (ಬೇರೆ ನೆಟ್‌ವರ್ಕ್ ಮಾಡದೆ ಬರೀ ವೈಫೈ ಕೊಡೋದು) ಬದಲಾಯಿಸಿದ ತಕ್ಷಣ ಪ್ರಿಂಟ್ ಬಂತು. ಹೊಸ ಸೆಟ್ಟಿನ ಬೆಲೆ ಮಾತ್ರ ನನಗೆ ಭಾರ ಅನ್ನಿಸ್ತು.

ಕೊನೆಗೆ ಕೇಬಲ್. 22 ಮೀಟರ್ ಕ್ಯಾಟ್ 6 ನೆಟ್ ಕೇಬಲ್, ಅಡುಗೆಮನೆ ಲಾಫ್ಟ್ ಮೇಲಿಂದ ಹಿಂದಿನ ರೂಮಿಗೆ ಎಳೆಸಿದೆ. ಕೆಲವರು ಕಿಟಕಿಯಿಂದ ಆಚೆ ಬಿಟ್ಟು ಇನ್ನೊಂದು ಕಿಟಕಿಯಿಂದ ಒಳಗೆ ತರ್ತಾರೆ, ಇಲ್ಲಿನ ನಾಲ್ಕು ತಿಂಗಳ ಮಳೆಗೆ ಅದು ಬೇಡ, ನೀರು ಇಳಿದು ಪಿನ್ನುಗಳು ಹಸಿರುಗಟ್ಟಿದ್ದು ಪಕ್ಕದ ವಿಂಗಲ್ಲಿ ಕಣ್ಣಾರೆ ನೋಡಿದೀನಿ. ಲ್ಯಾಪ್‌ಟಾಪಿಗೆ ಚುಚ್ಚಿದೆ, 94 ಬಂತು. ಹತ್ತು ಸಲ ನೋಡಿದ್ರೂ 94, ಒಂದು ಹೆಚ್ಚಿಲ್ಲ ಒಂದು ಕಮ್ಮಿ ಇಲ್ಲ. ಹೀಗೆ ಒಂದೇ ಅಂಕಿ ಮೇಲೆ ಗಟ್ಟಿಯಾಗಿ ನಿಂತ್ರೆ ಪ್ಲಾನನ್ನ ಬೈಬೇಡಿ, ಕೇಬಲ್ಲಿನ ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿದೆ ಅಂತ ಅರ್ಥ. ಕೇಬಲ್ ಒಳಗೆ ಎಂಟು ಎಳೆ ಇರುತ್ತೆ, 100ಕ್ಕೆ ನಾಲ್ಕು ಎಳೆ ಸಾಕು, 1000ಕ್ಕೆ ಎಂಟೂ ಬೇಕು. ಕೇಬಲ್ ತುದಿಯ ಕನೆಕ್ಟರನ್ನ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದೆ: ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಏಳು ಎಳೆ ಚಿನ್ನದ ಬಣ್ಣದ ಹಲ್ಲಿನ ತನಕ ಮುಟ್ಟಿವೆ, ಕೊನೇ ಕಂದು ಎಳೆ ಮಾತ್ರ ಅಕ್ಕಿಕಾಳಿನಷ್ಟು ಹಿಂದೆ ಉಳಿದಿದೆ. ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿದೆ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು, ಎರಡೂ ತುದಿಗೆ ಇದೇ ಕ್ರಮ. ಆಮೇಲೆ 198. ಪಿಂಗ್ 1 ಮಿಲಿಸೆಕೆಂಡಿಗಿಂತ ಕಮ್ಮಿ, ಮಿಕ್ಸಿ ಹಾಕಿದ್ರೂ ಅಷ್ಟೇ. ಕೇಬಲ್ ತಗೊಳ್ಳುವಾಗ ಎಳೆಯನ್ನ ಬ್ಲೇಡಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡ್ರೆ ಅದು ತಾಮ್ರ ಬಳಿದ ಅಲ್ಯುಮಿನಿಯಂ, ಬೇಡ.

ಆ ಕೇಬಲ್ ತುದಿಗೆ ಫೋನುಗಳಿಗೋಸ್ಕರ ಹಳೇ ರೌಟರ್ ಹಾಕಿದೆ, ಮಾರನೇ ದಿನ ಬೆಳಿಗ್ಗೆ ಮಗಳ ಟ್ಯಾಬಲ್ಲಿ ವೈಫೈ ಫುಲ್, ನೆಟ್ ಇಲ್ಲ, ನನ್ನ ಲ್ಯಾಪ್‌ಟಾಪಲ್ಲಿ ಎಲ್ಲ ಸರಿ. ಟ್ಯಾಬಿನ ವೈಫೈ ಸೆಟ್ಟಿಂಗಲ್ಲಿ ಗೇಟ್‌ವೇ (ನೆಟ್ಟಿಗೆ ಹೋಗೋ ಬಾಗಿಲು, ಅಂದ್ರೆ ರೌಟರಿನ ಅಡ್ರೆಸ್) ನೋಡಿದ್ರೆ 192.168.0.1 ಅಂತಿದೆ, ನಮ್ಮ ಮುಖ್ಯ ರೌಟರ್ 192.168.1.1. ಅಂದ್ರೆ ಹಳೇ ರೌಟರೂ ಅಡ್ರೆಸ್ ಹಂಚ್ತಾ ಕೂತಿದೆ, ಯಾರಿಗೆ ಯಾವುದು ಮೊದಲು ಉತ್ತರ ಕೊಡ್ತೋ ಅವರು ಅದರ ಹಿಂದೆ ಹೋದ್ರು. ಹಳೇದರಲ್ಲಿ ಡಿಎಚ್‌ಸಿಪಿ (ಈ ಅಡ್ರೆಸ್ ಹಂಚೋ ಕೆಲಸ) ಆಫ್ ಮಾಡಿ, ಅಡ್ರೆಸ್ 192.168.1.2 ಕೊಟ್ಟು, ಕೇಬಲ್ಲನ್ನ ಅದರ ವ್ಯಾನ್ (ಹೊರಗಿನ ನೆಟ್ ಬರೋ) ಪೋರ್ಟಿಗಲ್ಲ, ಲ್ಯಾನ್ (ಮನೆಯೊಳಗಿನ) ಪೋರ್ಟಿಗೇ ಹಾಕ್ಬೇಕು. ಅಡ್ರೆಸ್ 169.254 ಅಂತ ಶುರುವಾದ್ರೆ ಮಾತ್ರ ಬೇರೆ ಕಥೆ, ಅಡ್ರೆಸ್ ಕೊಡೋರು ಯಾರೂ ಸಿಕ್ಕಿಲ್ಲ ಅಂತ, ಆಗ ಕೇಬಲ್ ಕಡೆ ನೋಡಿ.

ಶೆಟ್ರಿಗೆ ನಾನು ಹೇಳೋದು ಇಷ್ಟೇ, ಸ್ವಂತ ಮನೆ, ಹಳೇ ರೌಟರ್ ಬೀರುವಲ್ಲಿದೆ, ಕೇಬಲ್ ಎಳೆಸಿ. ಬಾಡಿಗೆ ಮನೆಯವರು, ಮೊಳೆ ಹೊಡೆದ್ರೂ ಓನರ್ ಬೈತಾರೆ ಅನ್ನೋರು ಮೆಶ್ ತಗೊಳ್ಳಿ. ಇನ್ನೆರಡಕ್ಕೆ ನಾನಂತೂ ದುಡ್ಡು ಹಾಕೋಕೆ ಹೇಳಲ್ಲ.

ಎರಡೂ ರೌಟರಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟು, 2.4ರಲ್ಲಿ ಹಾಲಿಂದು 11, ಹಿಂದಿನದು 1 ಇಟ್ಟಿದೀನಿ. ಆದ್ರೂ ಹಾಲಿಂದ ನಡ್ಕೊಂಡು ಬರುವಾಗ ಫೋನ್ ಹಾಲ್‌ನ ಸಿಗ್ನಲ್ಲನ್ನೇ ಹಿಡ್ಕೊಂಡು ಬಿಡ್ತಿರಲಿಲ್ಲ, ಹಾಲ್‌ನ ರೌಟರ್ ಪವರನ್ನ ಹೈಯಿಂದ ಮೀಡಿಯಂಗೆ ಇಳಿಸಿದ ಮೇಲೆ ಪಿಲ್ಲರ್ ಹತ್ರ ಬರೋಷ್ಟರಲ್ಲಿ ಬದಲಾಗುತ್ತೆ. ನಿನ್ನೆ ರಾತ್ರಿ ಅಮ್ಮನ ಜೊತೆ ಮಾತಾಡ್ತಾ ಹಾಗೇ ಒಳಗೆ ಬಂದೆ, ಪಿಲ್ಲರ್ ಹತ್ರ ಒಂದು ಕ್ಷಣ ಚಿತ್ರ ಮಸುಕಾಗಿ ಮತ್ತೆ ಸರಿಯಾಯ್ತು, ಅಮ್ಮ ಹಪ್ಪಳದ ವಿಷಯ ಹೇಳ್ತಾನೇ ಇದ್ರು.